ಅಕ್ಕನ ಕೆಂಪು ಚುಕ್ಕೆ

ನಮ್ಮಕ್ಕ ವರ್ಲೀನ್ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕಿದವಳು. ಆದರೆ ಅರ್ಕನ್ಸಾದ ನಮ್ಮ ಕಡೆ ಅವಳ ಹೆಸರು ನಡೆಯುವುದು ಕೋವಿಯಿಂದ. ಅಪ್ಪನ ಹಳೆಯ ರೈಫಲ್ ಹಿಡಿದು, ಅಪ್ಪನೇ ಹಳ್ಳದ ಪಕ್ಕ ಕಟ್ಟಿದ ಅಟ್ಟಣೆ ಹತ್ತಿದಳೆಂದರೆ ಜಿಂಕೆಗೆ ಎರಡನೆಯ ಗುಂಡು ಬೇಕಾಗುತ್ತಿರಲಿಲ್ಲ.

ನಮ್ಮ ಬೇಟೆ ಬಿಡಾರದಲ್ಲಿ ಒಂದು ಪದ್ಧತಿಯಿದೆ. ಗುರಿ ತಪ್ಪಿದವರ ಅಂಗಿಯ ಹಿಂದಿನ ತುದಿ ಕತ್ತರಿಸಿ, ಅದರ ಮೇಲೆ ಹೆಸರು, ತಪ್ಪಿದ್ದು ಹೇಗೆ ಎಂದು ಬರೆದು ಗೋಡೆಗೆ ಮೊಳೆ ಹೊಡೆಯುತ್ತೇವೆ. ನನ್ನವೇ ಏಳು ನೇತಾಡುತ್ತಿದ್ದವು. ಹೋದ ವರ್ಷದವರೆಗೆ ಅಕ್ಕನದು ಒಂದೂ ಇರಲಿಲ್ಲ. ಅರವತ್ತೇಳರ ಕಣ್ಣಿಗೆ ನಳಿಗೆಯ ತುದಿಯ ಗುರಿಮೊಳೆ ಮಸುಕಾಗಿ, ಗುಂಡು ಮರಕ್ಕೆ ಹೋಯಿತು. ಕತ್ತರಿ ಹಾಕುವಾಗ ಅವಳೂ ನಕ್ಕಳು. ವಾಪಸು ಬರುವ ದಾರಿಯಲ್ಲಿ ಮಾತ್ರ ಬೇರೆ ದನಿಯಲ್ಲಿ ಹೇಳಿದಳು:

“ಜೀವಾನ ಅರೆಬರೆ ಮಾಡಿ ಬಿಡೋ ಪಾಪ ನನಗೆ ಬೇಡ ಕಣೋ ಓಡೆಲ್. ಮುಂದಿನ ಸಲವೂ ಕಣ್ಣು ಕೈಕೊಟ್ರೆ ಅಪ್ಪನ ಅಟ್ಟಣೆ ಬೇರೆಯವರಿಗೆ ಬಿಟ್ಟುಕೊಡ್ತೀನಿ.”

ನಾನು ಕೆಲಸ ಮಾಡುವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಂಪು ಚುಕ್ಕೆಯ ಗುರಿಗಾಜುಗಳಿವೆ. ರೈಫಲ್ ಮೇಲೆ ಕೂರಿಸಿ ಗಾಜಿನೊಳಗೆ ನೋಡಿದರೆ ಪುಟ್ಟ ಕೆಂಪು ಚುಕ್ಕೆ ಕಾಣುತ್ತದೆ; ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲಿಗೆ. ವಯಸ್ಸಾದ ಕಣ್ಣಿಗೆ ಹೇಳಿ ಮಾಡಿಸಿದ್ದು. ಅಕ್ಕ ಅರವತ್ತು ಡಾಲರಿನದೊಂದು, ನೂರಿಪ್ಪತ್ತರದೊಂದು ಮನೆಗೆ ಒಯ್ದು, ಚಳಿಗೆ ತಡೆಯುತ್ತವೆಯೇ ನೋಡಲು ಅವೆರಡನ್ನೂ ಒಂದು ದಿನ ಫ್ರೀಜರಿನಲ್ಲಿ ಬೆಂಡೆಕಾಯಿ ಪೊಟ್ಟಣದ ಪಕ್ಕ ಮಲಗಿಸಿದಳು. ತೆಗೆದಾಗ ಅಗ್ಗದ್ದು ಒಳಗೆಲ್ಲ ಬೆವೆತಿತ್ತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಅದನ್ನು ಹೊತ್ತಿಸಿ ಕಣ್ಣಿಟ್ಟಳು.

“ಚುಕ್ಕೆ ಅಂದ್ಯಲ್ಲೋ? ಗೋಡೆಗೆ ಎಸೆದ ಟೊಮೇಟೊ ಥರ ಇದೆ!”

ನಾನು ನಾನೂರು ಡಾಲರಿನದನ್ನೇ ತಂದುಕೊಟ್ಟೆ.

“ಇದೂ ಟೊಮೇಟೊನೇ. ಸ್ವಲ್ಪ ದುಬಾರಿ ಟೊಮೇಟೊ.”

ನಾನೂ ಒಮ್ಮೆ ಇಣುಕಿ ನೋಡಬಹುದಿತ್ತು. ಸಿಟ್ಟು ನೆತ್ತಿಗೇರಿದವನಿಗೆ ಅದೆಲ್ಲ ಹೊಳೆಯುವುದಿಲ್ಲ. ಬಿಡಾರದವರೆಲ್ಲರ ಮುಂದೆ ಎದೆ ತಟ್ಟಿಕೊಂಡು ಕೂಗಾಡಿದೆ: “ಮಾರೋ ಕಂಪನಿಗಳೆಲ್ಲ ಕಳ್ಳರು! ಕೆಟ್ಟಿರೋದು ಗಾಜು, ನಮ್ಮಕ್ಕನ ಕಣ್ಣಲ್ಲ!”

ಮನೆಗೆ ಬಂದು ಕಂಪನಿಗೆ ಒಂದು ಖಾರವಾದ ದೂರು ಬರೆಯಲು ಕೂತೆ. ಸಾಕ್ಷಿಗಿರಲಿ ಎಂದು ನನ್ನ ಹೆಂಡತಿ ನಡೀನ್ ಫೋನನ್ನು ಗಾಜಿಗೆ ಹಿಡಿದು ಫೋಟೋ ತೆಗೆದಳು. ತೆಗೆದವಳು ಹುಬ್ಬು ಗಂಟಿಕ್ಕಿದಳು.

“ರೀ, ಇದರಲ್ಲಿ ಗುಂಡಗೇ ಇದೆಯಲ್ರೀ?”

ಮೂರನ್ನೂ ತೆಗೆದೆವು. ಮೂರರಲ್ಲೂ ಚುಕ್ಕೆ ಕುಂಕುಮ ಇಟ್ಟಷ್ಟು ದುಂಡಗೆ. ಜೊತೆಗೇ ಬಂದಿದ್ದ ಅಕ್ಕ ಫೋನನ್ನು ಕಿತ್ತುಕೊಂಡು ನೋಡಿದಳು.

“ಹಾಗಾದ್ರೆ ಕಾರಿನ ದೀಪಕ್ಕೆಲ್ಲ ಸುತ್ತ ಬೆಳಕಿನ ಮೀಸೆ ಇರುತ್ತಲ್ಲ, ಅದು ನಿಮಗೆ ಕಾಣಲ್ವಾ?”

“ಇಲ್ಲಕ್ಕ.”

“ಕ್ರಿಸ್‌ಮಸ್ ಮರದ ದೀಪಕ್ಕೆ?”

“ಅದಕ್ಕೂ ಇಲ್ಲ.”

“ಅಯ್ಯೋ, ಮೀಸೆ ಎಲ್ಲರಿಗೂ ಕಾಣುತ್ತೆ ಅಂದ್ಕೊಂಡಿದ್ನಲ್ಲೋ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಂಗಡಿಯ ಓದುಗನ್ನಡಕದಲ್ಲೇ ಕಾಲ ಕಳೆದವಳು ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಸಿಲಿಂಡರ್ ಪವರ್ ಇತ್ತಂತೆ; ಅದಕ್ಕೇ ದೀಪ, ಚುಕ್ಕೆ ಎಲ್ಲ ಚೆದುರಿ ಕಾಣುತ್ತಿದ್ದವಂತೆ. ಹೊಸ ಕನ್ನಡಕ ಹಾಕಿಕೊಂಡು ಬಂದು ಮೊದಲು ನನ್ನ ಮುಖ ನೋಡಿದಳು. “ಇಷ್ಟು ಮುದುಕ ಯಾವಾಗಾದ್ಯೋ?” ಆಮೇಲೆ ನೂರಿಪ್ಪತ್ತು ಡಾಲರಿನ ಗುರಿಗಾಜನ್ನೇ ರೈಫಲ್ ಮೇಲೆ ಕೂರಿಸಿ ಕಾಗದಕ್ಕೆ ಮೂರು ಗುಂಡು ಹೊಡೆದಳು. ಮೂರೂ ಒಂದು ಚಹದ ತಟ್ಟೆಯೊಳಗೆ ಹಿಡಿಸುವಷ್ಟು ಹತ್ತಿರ.

ನವೆಂಬರಿನಲ್ಲಿ ಬೇಟೆ ಶುರುವಾದ ಮೊದಲ ಬೆಳಿಗ್ಗೆ ಹಳ್ಳದ ಕಡೆಯಿಂದ ಒಂದೇ ಒಂದು ಸದ್ದು ಕೇಳಿಸಿತು. ನಾನು ಎಡವುತ್ತಾ ಓಡಿದೆ. ದೊಡ್ಡ ಗಂಡು ಜಿಂಕೆ ನಿಂತಲ್ಲೇ ಬಿದ್ದಿತ್ತು. ಅಕ್ಕ ಅಪ್ಪನ ಅಟ್ಟಣೆಯ ಮೇಲಿಂದ ಕೈ ಬೀಸುತ್ತಿದ್ದಳು. ನಾಚಿಕೆ ಯಾಕೆ, ಅತ್ತುಬಿಟ್ಟೆ.

ಬಿಡಾರಕ್ಕೆ ಬಂದವಳೇ ಕತ್ತರಿ ಎತ್ತಿಕೊಂಡಳು.

“ಇವತ್ತು ತಪ್ಪಿದೋರು ಯಾರಕ್ಕ?” ಎಂದೆ.

“ನೀನೇ. ಆ ಕಡೆ ತಿರುಗು.”

ನನ್ನ ಹೊಸ ಚೌಕಳಿ ಅಂಗಿಗೆ ಕತ್ತರಿ ಬಿತ್ತು. ಎಲ್ಲರೂ ಹೋ ಎಂದು ಕೂಗಿದರು. ಅಕ್ಕ ಹೊಸ ಕನ್ನಡಕ ಸರಿಮಾಡಿಕೊಂಡು, ಬಟ್ಟೆಯ ಮೇಲೆ ನಿಧಾನವಾಗಿ ಬರೆದು, ತನ್ನ ತುಂಡಿನ ಪಕ್ಕದಲ್ಲೇ ಮೊಳೆ ಹೊಡೆದಳು. ಈಗಲೂ ಅಲ್ಲೇ ಇದೆ: “ಓಡೆಲ್. ಕಣ್ಣು ನೆಟ್ಟಗಿದ್ದೂ ಗಾಜಿನೊಳಗೆ ನೋಡದೆ, ಅಕ್ಕನ ಮಾತು ನಂಬಿದವನು.”