ನಲ್ಲಿ ಮೂಳೆ ಯಾರ ತಟ್ಟೆಗೆ

ಗಲ್ಫಿನ ನಮ್ಮ ಫ್ಲಾಟಿನಲ್ಲಿ ಶುಕ್ರವಾರದ ಅಡುಗೆ ಕಾಕನದು. ವಾರವಿಡೀ ಮೊಟ್ಟೆ, ಅಂಗಡಿಯ ಕುಬ್ಬೂಸ್ ರೊಟ್ಟಿ ಅಂತ ಮೂವರೂ ಹೇಗೋ ಹೊಟ್ಟೆ ತುಂಬಿಸಿಕೊಂಡರೂ ಶುಕ್ರವಾರ ಆಡಿನ ಮಾಂಸದ ಸಾರು ಆಗಲೇಬೇಕು. ಕಾಕ ಉಳ್ಳಾಲ ಕಡೆಯ ಬ್ಯಾರಿ, ಟುಬ್ಲಿಯ ಗ್ಯಾರೇಜೊಂದರಲ್ಲಿ ಫೋರ್‌ಮನ್. ಬೆಳಿಗ್ಗೆಯೇ ಸಾರು ಮಾಡಿಟ್ಟು, ಜುಮಾ ನಮಾಜು ಮುಗಿಸಿ ಬಂದು ತಾವೇ ಬಡಿಸುತ್ತಿದ್ದರು.

ಅಷ್ಟು ಮಾಂಸದಲ್ಲಿ ಸರಿಯಾದ ನಲ್ಲಿ ಮೂಳೆ, ಅಂದರೆ ಒಳಗೆ ಮಜ್ಜೆ ತುಂಬಿಕೊಂಡ ಕಾಲಿನ ಮೂಳೆ, ಇರುತ್ತಿದ್ದದ್ದು ಒಂದೇ. ಅದು ಯಾರಿಗೆ ಎಂದು ತೀರ್ಮಾನಿಸುವವರು ಕಾಕ. ನಮ್ಮ ಜೊತೆಗಿದ್ದ ಬೆಂಗಳೂರಿನವನಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ವಾರ ಮೂಳೆ ಅವನ ತಟ್ಟೆಗೆ ಬಿತ್ತು. ಊರಲ್ಲಿ ಕಾಕನ ಅಕ್ಕ ತೀರಿಕೊಂಡ ವಾರ ಅವರು ಅದನ್ನು ತಮ್ಮ ತಟ್ಟೆಗೇ ಹಾಕಿಕೊಂಡು, ಹೀರಿ, ಕೈ ತೊಳೆದರು. ಆವತ್ತು ನಮಗೆ ಕ್ರಮ ತಿಳಿಯಿತು. ಯಾರಿಗೆ ಕಷ್ಟವೋ ಮೂಳೆ ಅವರದು. ಯಾರಿಗೂ ಕಷ್ಟವಿಲ್ಲದ ವಾರ ಮಜ್ಜೆಯನ್ನು ಸಾರಿಗೇ ತಟ್ಟಿ ಕದಡಿಬಿಡುತ್ತಿದ್ದರು. ನನಗೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಬದುಕು ಅಷ್ಟು ಸಪಾಟಾಗಿ ನಡೆಯುತ್ತಿತ್ತು.

ಈ ಕ್ರಮದಿಂದ ನೊಂದವನು ಬೆಂಗಳೂರಿನವನು. ಕಂಪ್ಯೂಟರ್ ಕೆಲಸದವನು; ಅನ್ನ ಬಿಟ್ಟು, ಬೇಟೆಯಾಡಿ ಬದುಕಿದ ಹಳೆಯ ಜನರ ಹಾಗೆ ತಿನ್ನಬೇಕೆಂದು ಹೊರಟಿದ್ದ.

"ಕಾಕ, ಬೇಟೆ ಆಡ್ಕೊಂಡಿದ್ದೋರು ಬರೀ ಮಾಂಸಕ್ಕೆ ಆಸೆ ಪಡ್ತಿರ್ಲಿಲ್ಲ. ಕೊಬ್ಬಿರೋ ಪ್ರಾಣಿನೇ ನೋಡಿ ಹೊಡೀತಿದ್ರು. ಕಲ್ಲಲ್ಲಿ ಮೂಳೆ ಒಡೆದು ಮಜ್ಜೆ ತಿಂತಿದ್ರು. ಚೂರುಪಾರು ಮೂಳೆನೂ ಕುದಿಸಿ, ಮೇಲೆ ತೇಲೋ ಕೊಬ್ಬು ತೆಗೀತಿದ್ರು. ಕೊಬ್ಬೇ ಇಲ್ದೆ ಬರೀ ಮಾಂಸ ತಿಂದ್ರೆ ಎಷ್ಟು ತಿಂದ್ರೂ ಮನುಷ್ಯ ಸೊರಗ್ತಾನೆ."

"ಅವರು ಬೇಟೆಗೆ ಹೋಗ್ತಿದ್ರು ಮಾರಾಯ. ನೀನು ಹೋಗುದು ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಗೆ. ಅದೂ ಲಿಫ್ಟಲ್ಲಿ."

"ಅಲ್ಲ ಕಾಕ, ದೇಹಕ್ಕೆ ಅದು..."

"ನಿಂಗೆ ಈಗ ಕಷ್ಟ ಎಂತಾದ್ರೂ ಉಂಟಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಆಫೀಸಲ್ಲಿ ಹೊಸ ಮ್ಯಾನೇಜರು ಬಂದಿದ್ದಾನೆ."

"ಅದು ಎಲ್ಲರಿಗೂ ಉಂಟು," ಎಂದು ಕಾಕ ಮಜ್ಜೆಯನ್ನು ಸಾರಿಗೆ ತಟ್ಟಿದರು.

ಆ ಚಳಿಗಾಲದಲ್ಲಿ ನನಗೆ ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರಲ್ಲಿ ಇದ್ದುದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತು. ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಸಣ್ಣದೊಂದು ಮನೆಯನ್ನೂ ನೋಡಿಟ್ಟೆ. ಉಳಿದದ್ದು ಇವರಿಬ್ಬರಿಗೆ ಹೇಳುವ ಕೆಲಸ. ಕಾಕನಿಗೆ ತಮ್ಮ ಪಾತ್ರೆಯ ಸುತ್ತ ಹೊಸಬರು ಕೂರುವುದು ಆಗುವುದಿಲ್ಲ. ನನಗಿಂತ ಮುಂಚೆ ಕೋಣೆ ನೋಡಲು ಬಂದ ಕೆಲವರನ್ನು ಅವರು ಚಹಾ ಕುಡಿಸಿ ವಾಪಸು ಕಳಿಸಿದ್ದರಂತೆ. ನಾನು ಹೋಗುತ್ತೇನೆ ಅಂದರೆ ಅವರ ಮುಖ ಹೇಗಾಗುತ್ತದೋ ಎಂದು ಇವತ್ತು ನಾಳೆ ಅನ್ನುತ್ತ, ಹೊಸ ಕೆಲಸದ ಕಾಗದಪತ್ರಕ್ಕೆಂದು ಸರ್ಟಿಫಿಕೇಟುಗಳ ಫೈಲು ಹಿಡಿದು ಮೀನಾ ಸಲ್ಮಾನಿಗೆ ಓಡಾಡುತ್ತಿದ್ದೆ.

ಒಂದು ಶುಕ್ರವಾರ ಸೌಟು ನೇರವಾಗಿ ನನ್ನ ತಟ್ಟೆಗೆ ಬಂತು. ನಲ್ಲಿ ಮೂಳೆ.

"ತಿನ್ನು," ಎಂದರು ಕಾಕ, ಗೋಡೆ ನೋಡುತ್ತ. "ಮೀನಾ ಸಲ್ಮಾನಿಗೆ ಗಾಡಿ ಬಿಡ್ಲಿಕ್ಕೆ ಹೋದಾಗ ನಿನ್ನನ್ನು ನೋಡಿದೆ. ಕೆಲಸದ ಹೊತ್ತಲ್ಲಿ, ಫೈಲ್ ಹಿಡ್ಕೊಂಡು. ಕೆಲಸ ಹೋದ್ರೆ ಹೋಗ್ಲಿ. ಬಾಡಿಗೆ ನಾವಿಬ್ಬರು ನೋಡ್ತೇವೆ. ನಮ್ಮತ್ರ ನಾಚಿಕೆ ಎಂತದು?"

"ನಮ್ಮ ಆಫೀಸಲ್ಲೂ ಕೇಳಿಟ್ಟಿದ್ದೀನಿ ಅಣ್ಣ," ಎಂದ ಬೆಂಗಳೂರಿನವನು. ಹೇಳಿದ್ದು ನನಗಾದರೂ ನೋಡುತ್ತಿದ್ದದ್ದು ಮೂಳೆಯನ್ನು.

ಮಜ್ಜೆ ಆರಿದರೆ ಗಟ್ಟಿಯಾಗುತ್ತದೆ, ಬಿಸಿಯಿರುವಾಗಲೇ ಹೀರಬೇಕು. ಹಾಗಾಗಿ ಯೋಚಿಸಲು ಹೆಚ್ಚು ಹೊತ್ತಿರಲಿಲ್ಲ. ಹೀರಿದರೆ ಇಲ್ಲದ ಕಷ್ಟ ಒಪ್ಪಿಕೊಂಡ ಹಾಗೆ. ಬಿಟ್ಟರೆ ಅವರ ಮುಖಕ್ಕೆ ಹೊಡೆದ ಹಾಗೆ.

"ಕಾಕ, ಕೆಲಸ ಹೋಗ್ಲಿಲ್ಲ. ಇದಕ್ಕಿಂತ ಒಳ್ಳೇದು ಸಿಕ್ಕಿದೆ."

"ಮತ್ತೆ ಮುಖ ಯಾಕೆ ಹೀಗೆ?"

"ಹೆಂಡತಿ ಬರ್ತಾಳೆ. ಬೇರೆ ಮನೆ ನೋಡಿದ್ದೇನೆ. ಇಲ್ಲಿಂದ ಹೋಗ್ಬೇಕಾಗ್ತದೆ."

ಬೆಂಗಳೂರಿನವನು ಅಗಿಯುವುದನ್ನು ನಿಲ್ಲಿಸಿದ. ಕಾಕ ಕೈ ಚಾಚಿ ನನ್ನ ತಟ್ಟೆಯಿಂದ ಮೂಳೆ ಎತ್ತಿಕೊಂಡರು.

"ಹಾಗಾದ್ರೆ ಕಷ್ಟ ನಿನಗಲ್ಲ. ನಮಗೆ."

ತಟ್ಟೆಯ ಅಂಚಿಗೆ ಕುಟ್ಟಿದರು. ಮಜ್ಜೆ ಇಡಿಯಾಗಿ ಜಾರಿ ಬಂತು. ಚಮಚದಲ್ಲಿ ಎರಡು ಮಾಡಿ, ಒಂದನ್ನು ಅವನಿಗೆ ಹಾಕಿ, ಒಂದನ್ನು ತಾವು ತಿಂದರು. ಅವನೂ ತನ್ನ ಪಾಲನ್ನು ತಲೆ ತಗ್ಗಿಸಿ ತಿಂದ, ಬೇಟೆಯವರ ಸುದ್ದಿ ಎತ್ತಲಿಲ್ಲ. ನನಗೆ ಕಾಕ ಪಾತ್ರೆಯಲ್ಲಿ ಹುಡುಕಿ ಎರಡು ತುಂಡು ಮಾಂಸ ಬಡಿಸಿದರು.

"ಅವಳು ಮಾಂಸ ತಿಂತಾಳಾ?"

"ತಿಂತಾಳೆ."

"ಶುಕ್ರವಾರ ಇಬ್ಬರೂ ಬನ್ನಿ. ದೊಡ್ಡ ಪಾತ್ರೆ ತರ್ಬೇಕು." ಇನ್ನೊಂದು ಸೌಟು ಸಾರು ಹಾಕಿದರು. "ಅವಳಿಗೆ ಮೊದಲೇ ಹೇಳಿಡು, ನಲ್ಲಿ ಕೇಳುದು ಬೇಡ ಅಂತ."