ಗೌರಜ್ಜಿಯ ಮೊರ

ಕಳೆದ ವಾರ ಚನ್ನಗಿರಿಯ ಸಂತೆಯಲ್ಲಿ, ಮೆಂತ್ಯದ ಹಿಟ್ಟು ಸವರಿ ಒಣಗಿಸಿದ ಹೊಸ ಮೊರವೊಂದನ್ನು ಕೈಗೆತ್ತಿಕೊಂಡೆ. ಆ ಕಹಿಗಂಪು ಮೂಗಿಗೆ ತಾಗಿದ್ದೇ ತಡ, ಅರವತ್ತು ವರ್ಷ ಹಿಂದಿನ ಸವಳಂಗದ ನಮ್ಮ ಮನೆ ಎದುರಿಗೆ ಬಂದು ನಿಂತಿತು. ಹೆಂಚಿನ ಎರಡು ಕೋಣೆ, ಗೋಡೆಯ ಮೇಲೊಂದು ಮರದ ಶಿಲುಬೆ, ಒಲೆಯ ಪಕ್ಕದಲ್ಲಿ ಹಿಡಿಯಕ್ಕಿಯ ಮಡಕೆ. ಅನ್ನಕ್ಕಿಡುವಾಗೆಲ್ಲ ಅವ್ವ ಕಣ್ಣು ಮುಚ್ಚಿ ಪ್ರಾರ್ಥಿಸಿ ಒಂದು ಹಿಡಿ ಅಕ್ಕಿ ತೆಗೆದು ಅದಕ್ಕೆ ಹಾಕುತ್ತಿದ್ದಳು. ಅದು ದೇವರ ಪಾಲು. ನಮ್ಮ ಚರ್ಚಿನ ಸಭೆಯ ಬೇರೆ ಮನೆಯವರು ಭಾನುವಾರ ಮಡಕೆಯ ಅಕ್ಕಿಯನ್ನೆಲ್ಲ ಪ್ರಾರ್ಥನೆಗೆ ಒಯ್ಯುತ್ತಿದ್ದರು. ಅವ್ವ ಅರ್ಧವನ್ನಷ್ಟೇ ಒಯ್ಯುತ್ತಿದ್ದಳು.

ಉಳಿದರ್ಧ ಪಕ್ಕದ ಮನೆಯ ಗೌರಜ್ಜಿಗೆ. ಗಂಡ ಮಕ್ಕಳಿಲ್ಲದ ಮುದುಕಿ, ಕೂಲಿಗೆ ಹೋಗಲಾರದವಳು. ಎಷ್ಟು ಹಸಿದರೂ ಕೈಯೊಡ್ಡಿದವಳಲ್ಲ, ಕೊಟ್ಟರೆ ತೆಗೆದುಕೊಳ್ಳುವವಳೂ ಅಲ್ಲ. ಆದರೆ ಅವಳದೊಂದು ಕಟ್ಟುನಿಟ್ಟಿತ್ತು: ಮನೆಯಿಂದ ಹೋದ ಮೊರ ಬರಿದಾಗಿ ವಾಪಸು ಬರಬಾರದು. ಅವ್ವ ಅದನ್ನೇ ಹಿಡಿದುಕೊಂಡಳು. ನಮ್ಮದೇ ಮೊರ ಗೋಡೆಯಲ್ಲಿ ತೂಗುತ್ತಿದ್ದರೂ ಪ್ರತಿ ಶನಿವಾರ ಅಜ್ಜಿಯ ಮೊರ ಕೇಳಿ ತರುವಳು, ಸಂಜೆ ಅದರ ತುಂಬ ಅಕ್ಕಿ ಹಾಕಿ ಹಿಂದಿರುಗಿಸುವಳು. "ಎಷ್ಟ್ ಹಾಕೀಯೇ ಮರಿಯಮ್ಮ, ನಾಕು ಕಾಳು ಸಾಕಾಗಿತ್ತು" ಎಂದು ಅಜ್ಜಿ ಗದರುವುದು, "ಕೈ ಅಳತೆ ತಪ್ಪಿತು ಬಿಡ್ರಿ" ಎಂದು ಅವ್ವ ನಗುವುದು, ಪ್ರತಿ ವಾರದ ಮಾತು.

ನಾನಾಗ ಐದನೆಯ ಕ್ಲಾಸು. ಸಂಡೇ ಸ್ಕೂಲಿನಲ್ಲಿ, ಆ ವಾರ ಮಾಡಿದ ಒಳ್ಳೆಯ ಕೆಲಸ ಹೇಳಿದವರಿಗೆ ಟೀಚರಮ್ಮ ಬಣ್ಣದ ಚಿತ್ರದ ಕಾರ್ಡು ಕೊಡುತ್ತಿದ್ದರು. ಕುರಿಮರಿ ಹೊತ್ತ ಯೇಸುವಿನ ಕಾರ್ಡಿನ ಮೇಲೆ ನನ್ನ ಕಣ್ಣು ಬಿದ್ದಿತ್ತು. ಎದ್ದು ನಿಂತು, "ಗೌರಜ್ಜಿ ಮನ್ಯಾಗೆ ಅಕ್ಕಿ ಇರಲ್ಲ ರೀ, ನಾವೇ ಅವ್ಳನ್ನ ಸಾಕ್ತೀವಿ" ಎಂದೆ. ಕಾರ್ಡು ಬಂತು, ಚಪ್ಪಾಳೆಯೂ ಬಂತು. ಎರಡೇ ದಿನಕ್ಕೆ ಮಾತು ಬಾವಿಕಟ್ಟೆ ತಲುಪಿತು. "ನಿಂಗೇನ್ ಬಿಡಜ್ಜಿ, ಏಸಪ್ಪನ ಮನೆ ಅಕ್ಕಿ ಬರ್ತೈತಂತೆ" ಎಂದು ಯಾರೋ ನಕ್ಕರಂತೆ.

ಆ ಶನಿವಾರ ಅವ್ವ ಮೊರ ಕೇಳಲು ಹೋದಾಗ ಅಜ್ಜಿ ಹೊಸ್ತಿಲು ದಾಟಿ ಬರಲಿಲ್ಲ. "ನಿಮ್ಮನ್ಯಾಗೇ ಮೊರ ಐತಲ್ಲ ರೀ, ನಂದ್ಯಾಕೆ?" ಎಂದು ಕದ ಮುಚ್ಚಿದಳು. ಅವ್ವನಿಗೆ ಅವಳು ಎಂದೂ 'ರೀ' ಎಂದವಳಲ್ಲ. ಮುಂದಿನ ಎರಡು ದಿನ ಅವಳ ಮನೆಯ ಹೆಂಚಿನಿಂದ ಹೊಗೆಯೇಳಲಿಲ್ಲ.

ಅವ್ವ ನನ್ನನ್ನು ಹೊಡೆಯಲಿಲ್ಲ. ಕಾರ್ಡನ್ನು ತಿರುಗಿಸಿ ನೋಡಿ, "ದೇವ್ರು ಮೆಚ್ಲಿ ಅಂತ ಹೇಳಿದ್ಯೋ, ಟೀಚರಮ್ಮ ಮೆಚ್ಲಿ ಅಂತ ಹೇಳಿದ್ಯೋ?" ಎಂದಳು. ನಾನು ಅಳುತ್ತ ನಿಂತಿದ್ದೆ. ಅವ್ವ ಕಾರ್ಡು ಕೆಳಗಿಟ್ಟು ತನಗೇ ಎಂಬಂತೆ ಅಂದಳು: "ನಾನೂ ದೇವ್ರು ನೋಡ್ಲಿ ಅಂತಾನೇ ಹಾಕ್ತಿದ್ದೆ ಅನ್ನು. ಹಸಿದೋಳು ಪಕ್ಕದಾಗೆ ಕೂತಾಳೆ, ನಾವಿಬ್ರೂ ಮೇಲಕ್ಕೆ ನೋಡ್ತಾ ಇದ್ವಿ."

ಆಮೇಲೆ ಎದ್ದು ಗೋಡೆಯ ಮೊರ ಇಳಿಸಿ ಒಲೆಗೆ ತುರುಕಿದಳು. ಬಿದಿರು ಚಟಪಟ ಸಿಡಿಯಿತು, ಸುಟ್ಟ ಮೆಂತ್ಯದ ವಾಸನೆ ಮನೆ ತುಂಬಿತು. ಅರೆ ಉರಿದ ಅಂಚನ್ನು ಕೈಯಲ್ಲಿ ಹಿಡಿದೇ ಅಜ್ಜಿಯ ಬಾಗಿಲಿಗೆ ಹೋದಳು. "ಈಗ ನಮ್ಮನ್ಯಾಗೆ ಮೊರ ಇಲ್ಲ ಗೌರಮ್ಮಾರೆ, ಅಕ್ಕಿ ಕೇರಾಕೆ ಏನೂ ಇಲ್ಲ. ಕೊಡ್ತೀರೋ, ಕಲ್ಲು ತಿನ್ನಾನೋ?" ಅಜ್ಜಿ ಆ ಕರಿ ಅಂಚನ್ನು ನೋಡಿದಳು, ನನ್ನ ಮುಖ ನೋಡಿದಳು. "ಹುಚ್ಚಿ, ಒಳ್ಳೇ ಮೊರ ಸುಟ್ಟೀಯಲ್ಲೇ" ಎನ್ನುತ್ತ ಒಳಗೆ ಹೋದಳು. ಮೊರ ತಂದು ಕೊಟ್ಟದ್ದು ನನ್ನ ಕೈಗೆ. ಸಂಜೆ ತುಂಬಿ ಹಿಂದಿರುಗಿಸಿದವನೂ ನಾನೇ. "ನಿಮ್ಮವ್ವಂಗೆ ಅಳತೆ ಬರಲ್ಲ ಅಂತ ಇದನ್ನೂ ಊರಿಗೆ ಸಾರಬ್ಯಾಡ ಮತ್ತೆ" ಎಂದು ಅಜ್ಜಿ ನನ್ನ ಕಿವಿ ಹಿಂಡಿದಳು.

ಅಜ್ಜಿ ಇರುವ ತನಕ ಅವ್ವ ನಮ್ಮ ಮನೆಗೆ ಮೊರ ಕೊಳ್ಳಲಿಲ್ಲ.

ಇಷ್ಟು ಕಂಡೂ ನಾನು ಕಲಿಯಲಿಲ್ಲ. ದೊಡ್ಡವನಾಗಿ ಸಭೆಗೆ ಬೆಂಚು ಕೊಟ್ಟೆ, ಅದರ ಬೆನ್ನಿಗೆ ನನ್ನ ಹೆಸರು ಬರೆಸಿದೆ. ಪ್ರತಿ ಭಾನುವಾರ ಪ್ರಾರ್ಥನೆಗೆ ಮೊದಲು ಆ ಅಕ್ಷರಗಳನ್ನು ಓದುತ್ತಿದ್ದೆ. ಈ ಬೇಸಿಗೆಯಲ್ಲಿ ಉಪ್ಪುಕಾಗದ ಹಿಡಿದು ಆ ಹೆಸರನ್ನು ನಾನೇ ಉಜ್ಜಿ ತೆಗೆದೆ. ಕೈ ನೋಯಿತು, ಎದೆ ಹಗುರಾಯಿತು. ದೇವರು ಮೆಚ್ಚಿದನೋ ಇಲ್ಲವೋ ಎಂದು ಈಗ ಕೇಳುವುದಿಲ್ಲ. ಮೊರ ಸುಟ್ಟ ಆ ಹೆಂಗಸನ್ನು ಅವನು ಮೆಚ್ಚಿದ್ದಾನೆ, ಅದು ನನಗೆ ಖಾತ್ರಿ. ಅಷ್ಟು ಸಾಕು.

ಸಂತೆಯಲ್ಲಿ ಮೊರವನ್ನು ಮೆಲ್ಲಗೆ ಕೆಳಗಿಟ್ಟೆ. "ಯಾಕ್ರೀ ಯಜಮಾನ್ರೇ, ಬ್ಯಾಡ್ವಾ?" ಎಂದಳು ಮಾರುವವಳು. "ಪಕ್ಕದ ಮನ್ಯಾಗೆ ಐತೆ ಕಣಮ್ಮ" ಎಂದೆ. ಹಾಗೆಂದ ಗಳಿಗೆಯಲ್ಲಿ ಗೌರಜ್ಜಿಯ ಆ ಪಕ್ಕದ ಮನೆ ನನ್ನ ಪಾಲಿಗೆ ಇನ್ನೂ ಇತ್ತು, ಅದರ ಕದ ತೆರೆದಿತ್ತು.