ಹಸಿರು ಬಂದ್ರ ಹೇಳ್ತೇನಿ

ಹಿರೇಕೆರೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಬಸ್ ಚಾಲಕರು. ಮೊಬೈಲಿನಲ್ಲಿ ರೇಡಾರ್ ಚಿತ್ರ ತೆರೆದು, ಮಳೆಯ ಹಸಿರು ಕಲೆಗಳನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದರು. "ಹಸಿರು ಬಂದ್ರ ನಾ ಹೇಳ್ತೇನಿ" ಎನ್ನುತ್ತಿದ್ದರು. ಓಣಿಯವರೆಲ್ಲ ಅವರನ್ನು ಕೇಳಿಯೇ ಗೋವಿನಜೋಳ ಒಣಹಾಕುತ್ತಿದ್ದರು.

ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಾದಾಗ ಅವ್ವ ಅಂಗಳದಲ್ಲಿ ಒಣಹಾಕಿದ್ದ ಕಾಳು ಮುಚ್ಚಲು ತಾಡಪತ್ರಿ ಹಿಡಿದು ಎದ್ದಳು. "ಕುಂದರ್ರಿ ಅಕ್ಕಾರ, ಮಳಿ ಹಾನಗಲ್‌ದಾಗ ಐತಿ, ಇಲ್ಲೆ ಹಸಿರಿಲ್ಲ" ಎಂದರು ಚಾಲಕರು. ಅವರ ಮಾತು ನಂಬಿ ನಾನೇ ಅವ್ವನ ಕೈಯಿಂದ ತಾಡಪತ್ರಿ ಕಿತ್ತುಕೊಂಡೆ. ಅರ್ಧ ಗಂಟೆಯಲ್ಲಿ ಕಾಳೆಲ್ಲ ತೊಯ್ದುಹೋಯಿತು.

"ಮಳಿ ಮಾಪನ ಕೇಂದ್ರದಾಗೂ ಸೊನ್ನೆ ತೋರಸಾಕತ್ತೈತ್ರಿ" ಎಂದರು ಅವರು, ಮೊಬೈಲಿನಿಂದ ಕಣ್ಣು ತೆಗೆಯದೆ. ಅವ್ವ ಒಂದು ಹಿಡಿ ಒದ್ದೆ ಕಾಳು ಅವರ ಕೈಗೆ ಸುರಿದಳು. ಅವರು ಅದನ್ನು ಕಟ್ಟೆಯ ಮೇಲಿಟ್ಟರು. ಒದ್ದೆ ಬೆರಳಿಗೆ ಪರದೆ ಸರಿಯಲಿಲ್ಲ. ಅಂಗಿಗೆ ಒರೆಸಿಕೊಂಡು ಮತ್ತೆ ಹಿಗ್ಗಿಸಿದರು, ಹಸಿರು ಹುಡುಕುತ್ತ.